ತಳಕ್ಕೆ ಅಂಟಿದ ಮ್ಯಾಗ್ನೆಟ್ಟು

ಜಯನಗರ ನಾಲ್ಕನೇ ಬ್ಲಾಕಿನ ಒಬ್ಬ ಪಾತ್ರೆ ಅಂಗಡಿಯವರ ಹೆಸರು ಕೆಡಿಸಿದವನು ನಾನೇ. ಇದರಲ್ಲಿ ಬೇರೆ ಯಾರ ಕೈವಾಡವೂ ಇಲ್ಲ. ಒಂದೂವರೆ ನಿಮಿಷದ ವಿಡಿಯೊ ನೋಡಿ ಲೋಹಶಾಸ್ತ್ರ ಕಲಿತೆ, ಅದಕ್ಕಿಂತ ಚಿಕ್ಕ ವಿಡಿಯೊ ಮಾಡಿ ಊರಿಗೆಲ್ಲ ಕಲಿಸಿದೆ. ನನ್ನ ಬಳಿ ಇದ್ದ ಉಪಕರಣವೆಂದರೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ, ಮಸಾಲೆದೋಸೆ ಆಕಾರದ ಒಂದು ಮ್ಯಾಗ್ನೆಟ್ಟು. ಪ್ರಯೋಗಾಲಯ ಕತ್ರಿಗುಪ್ಪೆಯ ನಮ್ಮ ಮನೆಯ ಹಾಲ್. ಪ್ರಯೋಗ ಮಾಡಿದವನ ಬುದ್ಧಿಮಟ್ಟ ಮುಂದೆ ಓದಿದಂತೆಲ್ಲ ತಾನಾಗೇ ತಿಳಿಯುತ್ತದೆ.

ನನಗೆ ಚಿಕ್ಕಂದಿನಿಂದ ಒಂದು ಚಟ. ಯಾರನ್ನು ಕಂಡರೂ ಅವರ ದನಿ ನನ್ನ ಗಂಟಲಿಗೆ ಬಂದು ಕೂರುತ್ತದೆ. ಅಮ್ಮ ಫೋನಿನಲ್ಲಿ "ಹೂಂ... ಹೂಂ... ಅಯ್ಯೋ ಹೌದಾ?" ಎನ್ನುವಾಗ ಮೂರನೆಯ ಹೂಂ ನಾನು ಸೇರಿಸುತ್ತೇನೆ. ಭಾವ ಆಫೀಸಿನ ಕಾಲ್‌ನಲ್ಲಿ ಮಾತಾಡುವ ಗಡಸು ದನಿಯನ್ನೂ, ಅದೇ ಕಾಲ್ ಮುಗಿದ ಮೇಲೆ ಅಕ್ಕನ ಹತ್ತಿರ ಕಾಫಿ ಕೇಳುವ ಮೆತ್ತನೆ ದನಿಯನ್ನೂ ಒಂದೇ ಉಸಿರಿನಲ್ಲಿ ಮಾಡಬಲ್ಲೆ. ನನ್ನ ಬಾಸ್ ಹತ್ತಿರ ರಜೆ ಕೇಳುವಾಗ ನನ್ನದೇ ದನಿ ಸೊಳ್ಳೆಯಂತಾಗುವುದನ್ನೂ ಮಾಡಿ ತೋರಿಸುತ್ತೇನೆ. ಮನೆಯಲ್ಲಿ ಎಲ್ಲರಿಗೂ ಹೆಚ್ಚು ಇಷ್ಟವಾಗುವುದು ಅದೇ.

ಅಕ್ಕನ ಮದುವೆಯಾಗಿ ಎರಡು ತಿಂಗಳಾಗಿತ್ತು. ಸುದ್ದಗುಂಟೆಪಾಳ್ಯದಲ್ಲಿ ಒಂದು ಬಾಡಿಗೆ ಫ್ಲ್ಯಾಟ್ ಸಿಕ್ಕಿತು. ನಮ್ಮ ಕಡೆ ಹೆಣ್ಣಿನ ಮನೆಯವರು ಸಂಸಾರ ಹೂಡಿಸಿಕೊಡುವುದು ಪದ್ಧತಿ: ಅಡುಗೆಮನೆಗೆ ಬೇಕಾದ ಪಾತ್ರೆಯನ್ನೆಲ್ಲ ಕೊಡಿಸಿ, ಒಳ್ಳೆಯ ದಿನ ನೋಡಿ, ಹೊಸ ಒಲೆಯ ಮೇಲೆ ಹಾಲು ಉಕ್ಕಿಸಿ ಬರುವುದು. ಪಾತ್ರೆ ಎಂದರೆ ಅಮ್ಮನಿಗೆ ಒಂದೇ ಅಂಗಡಿ. ಅವಳ ಮದುವೆಯ ಪಾತ್ರೆಯೂ ಅಲ್ಲಿಯದೇ. ನನ್ನ ನಾಮಕರಣಕ್ಕೆ ಹಂಚಿದ ಬಟ್ಟಲೂ ಅಲ್ಲಿಯದೇ.

ಅಂಗಡಿಯವರಿಗೆ ಅರವತ್ತು ದಾಟಿದೆ. ದಾರಕ್ಕೆ ಕಟ್ಟಿದ ಕನ್ನಡಕ ಎದೆಯ ಮೇಲೆ ಜೋತುಬಿದ್ದಿರುತ್ತದೆ. ಯಾವ ಪಾತ್ರೆ ತೋರಿಸಿದರೂ ಮೊದಲು ಅದನ್ನು ಐದು ಬೆರಳ ತುದಿಯ ಮೇಲೆ ಎತ್ತಿ ಹಿಡಿದು ಇನ್ನೊಂದು ಕೈಯ ಉಗುರಿನಿಂದ ಟಿಣ್ ಅನ್ನಿಸುತ್ತಾರೆ. ಆ ದನಿ ಪೂರ್ತಿ ಆರುವವರೆಗೂ ಕಾಯುತ್ತಾರೆ. ಆಮೇಲೆ ಹೇಳುತ್ತಾರೆ: "ಕಣ್ಣು ಮುಚ್ಚಿ ತಗೊಂಡೋಗಿ ಮೇಡಂ. ಕಣ್ಣು ಬಿಟ್ಟಾಗ್ಲೂ ಹೀಗೇ ಇರುತ್ತೆ."

ಈ ಮಾತನ್ನು ನಾನು ಏಳನೇ ಕ್ಲಾಸಿನಿಂದ ಮಿಮಿಕ್ರಿ ಮಾಡುತ್ತಿದ್ದೇನೆ. ಅವರ ಅಂಗಡಿಯ ಬಂಡವಾಳವೆಲ್ಲ ಆ ಒಂದು ಮಾತೇ ಎಂದು ನನಗೆ ತಿಳಿಯಲು ಇಪ್ಪತ್ತಾರು ವರ್ಷ ವಯಸ್ಸಾಗಬೇಕಾಯಿತು.

ಅವತ್ತು ಅಮ್ಮ ಆರಿಸಿದ್ದು ಒಂದರೊಳಗೊಂದು ಕೂರುವ ಐದು ಪಾತ್ರೆ, ತಟ್ಟೆ, ಲೋಟ, ಸೌಟು. ಆಮೇಲೆ ಹೆಸರು ಹಾಕಿಸುವ ಕೆಲಸ. ಅಂಗಡಿಯವರೇ ಪೆನ್ನಿನಂಥ ಮೆಷಿನ್ನು ಹಿಡಿದು, ಪ್ರತಿ ಪಾತ್ರೆಯ ಕಂಠದ ಮೇಲೆ ಅಕ್ಕನ ಹೆಸರಿನ ಮೊದಲಕ್ಷರ, ಭಾವನ ಹೆಸರಿನ ಮೊದಲಕ್ಷರ, ಮಧ್ಯೆ ಒಂದು ಪುಟ್ಟ ಹೂವು ಕೊರೆದರು. ಟರ್ರ್ ಟರ್ರ್ ಎನ್ನುವ ಆ ಮೆಷಿನ್ನಿನ ಸದ್ದು ಎಷ್ಟು ಚೆನ್ನಾಗಿತ್ತೆಂದರೆ ನಾನು ಅಲ್ಲೇ ಅದರ ಜತೆ ಸ್ಪರ್ಧೆಗಿಳಿದೆ. ಅಕ್ಕ ನಗು ತಡೆಯಲಾರದೆ ದುಪಟ್ಟಾ ಬಾಯಿಗೆ ತುರುಕಿಕೊಂಡಳು. ಅದೇ ಹೊತ್ತಿಗೆ ಅಮ್ಮ ಒಲೆಯ ವಿಷಯ ಏನೋ ಹೇಳುತ್ತಿದ್ದಳು, ಅಂಗಡಿಯವರು "ಅದಕ್ಕಂತಾನೇ ಇದನ್ನ ಕೊಟ್ಟಿರೋದು ಮೇಡಂ" ಎಂದು ಏನೋ ಉತ್ತರಿಸುತ್ತಿದ್ದರು. ನನಗೆ ಕೇಳಿಸಲಿಲ್ಲ. ನಾನು ಮೆಷಿನ್ನಾಗಿದ್ದೆ.

ಹದಿನೈದು ದಿನ ಪಾತ್ರೆಗಳು ನಮ್ಮ ಹಾಲ್‌ನಲ್ಲೇ ಪೇಪರಿನ ಮೇಲೆ ಬೋರಲಾಗಿ ಕೂತಿದ್ದವು. ಒಂದು ಸಂಜೆ ಆ ವಿಡಿಯೊ ಬಂತು. ಒಬ್ಬಾತ ಕ್ಯಾಮೆರಾ ಮುಂದೆ ಪಾತ್ರೆ ಹಿಡಿದು ಕಿರುಚುತ್ತಿದ್ದ: ಮ್ಯಾಗ್ನೆಟ್ ಅಂಟಿದರೆ ಡೂಪ್ಲಿಕೇಟ್, ಅಂಟದಿದ್ದರೆ ಅಸಲಿ ಸ್ಟೀಲ್, ಈಗಲೇ ಚೆಕ್ ಮಾಡಿ! ನಾನು ಎದ್ದು ಫ್ರಿಜ್ಜಿನಿಂದ ಮಸಾಲೆದೋಸೆ ಕಿತ್ತೆ. ತಮಾಷೆಗೇ ಕಿತ್ತದ್ದು, ದೇವರಾಣೆ. ತಟ್ಟೆಗೆ ಹಿಡಿದೆ, ಜಾರಿತು. ಲೋಟಕ್ಕೆ ಹಿಡಿದೆ, ಜಾರಿತು. ಬೋರಲಾಗಿದ್ದ ದೊಡ್ಡ ಪಾತ್ರೆಯ ತಳಕ್ಕೆ ಹಿಡಿದೆ.

ಟಕ್.

ಕೈ ಬಿಟ್ಟೆ. ಬೀಳಲಿಲ್ಲ. ಪಾತ್ರೆಯನ್ನು ಎತ್ತಿ ಅಲ್ಲಾಡಿಸಿದೆ. ಮಸಾಲೆದೋಸೆ ತಳಕ್ಕೆ ಕಚ್ಚಿಕೊಂಡೇ ಇತ್ತು. ಎರಡನೆಯ ಪಾತ್ರೆ, ಟಕ್. ಮೂರನೆಯದು, ನಾಲ್ಕನೆಯದು, ಕೊನೆಗೆ ಹಾಲಿನ ಪಾತ್ರೆ. ಟಕ್, ಟಕ್, ಟಕ್. ನಾಮಕರಣದ ಬಟ್ಟಲಿನಿಂದ ನಾವು ನಂಬಿಕೊಂಡು ಬಂದ ಮನುಷ್ಯ! ಒಳ್ಳೆಯ ತಟ್ಟೆಯ ಮಧ್ಯೆ ಕೆಟ್ಟ ಪಾತ್ರೆ ಸೇರಿಸಿ ಕೊಟ್ಟಿದ್ದಾರೆ ಎಂದು ಐದು ನಿಮಿಷದಲ್ಲಿ ತೀರ್ಪು ಕೊಟ್ಟೆ.

"ಅಮ್ಮಾ! ಬಾ ಇಲ್ಲಿ! ಮೋಸ!"

ಅಮ್ಮ ಕೈಯಲ್ಲಿ ಕೊತ್ತಂಬರಿ ಹಿಡಿದೇ ಬಂದಳು. ನೋಡಿದಳು. ಮ್ಯಾಗ್ನೆಟ್ ಕಿತ್ತು, ತಾನೇ ಅಂಟಿಸಿದಳು. ಟಕ್.

"ಅವರು ಹಂಗ್ ಮಾಡೋರಲ್ವೋ."

"ಮಾಡಿದ್ದಾರಲ್ಲ, ಕಣ್ಣೆದುರಿಗೇ ಇದೆ."

"ಅವರ ಪಾತ್ರೇಲೇ ಮೂವತ್ತು ವರ್ಷ ಸಾರು ಮಾಡಿದೀನೋ..." ಎಂದು ಕೂತುಬಿಟ್ಟಳು.

ಅವಳ ಅಡುಗೆಮನೆಯ ಆ ಹಳೆಯ ಸಾರಿನ ಪಾತ್ರೆಗೆ ಮ್ಯಾಗ್ನೆಟ್ ಅಂಟುತ್ತದೋ ಇಲ್ಲವೋ ನೋಡಿದೆ. ಅಂಟಲಿಲ್ಲ. ಆಗಂತೂ ಅನುಮಾನವೇ ಉಳಿಯಲಿಲ್ಲ. ಆಗ ಒಳ್ಳೆಯವರಿದ್ದರು, ಈಗ ಕೆಟ್ಟಿದ್ದಾರೆ ಎಂದೆ.

ಮರುದಿನ ಐದೂ ಪಾತ್ರೆ ಹೊತ್ತು ಅಂಗಡಿಗೆ ಹೋದೆವು. ಅಮ್ಮ ಮೆಟ್ಟಿಲ ಹತ್ತಿರವೇ ಹಿಂಜರಿದು ನಿಂತಳು. ನಾನು ಫೋನಿನ ಕ್ಯಾಮೆರಾ ಆನ್ ಮಾಡಿಕೊಂಡೇ ಒಳಗೆ ಹೋದೆ. ಅಂಗಡಿಯಲ್ಲಿ ಏಳೆಂಟು ಜನ ಗಿರಾಕಿಗಳಿದ್ದರು. ಎಲ್ಲರೆದುರು ತಳಕ್ಕೆ ಮಸಾಲೆದೋಸೆ ಅಂಟಿಸಿ ಪಾತ್ರೆಯನ್ನು ತಲೆಯ ಮೇಲೆತ್ತಿ ತೋರಿಸಿದೆ.

"ತಳಕ್ಕೆ ಅಂಟಬೇಕು ಕಣಪ್ಪ," ಅಂದರು ಅವರು, ಕನ್ನಡಕ ಏರಿಸಿಕೊಳ್ಳುತ್ತಾ. "ಅದು ನಿಮ್ಮಮ್ಮ ಕೇಳಿದ..."

ನಾನು ಅವರ ಮಾತು ಮುಗಿಯಲು ಬಿಡಲಿಲ್ಲ. ಪಾತ್ರೆಯನ್ನು ಅವರಂತೆಯೇ ಐದು ಬೆರಳ ಮೇಲಿಟ್ಟುಕೊಂಡೆ, ಟಿಣ್ ಅನ್ನಿಸಿದೆ, ಕತ್ತು ಓರೆ ಮಾಡಿ ಕಾದೆ, ಅವರದೇ ದನಿಯಲ್ಲಿ ಹೇಳಿದೆ: "ಕಣ್ಣು ಮುಚ್ಚಿ ತಗೊಂಡೋಗಿ ಮೇಡಂ. ಕಣ್ಣು ಬಿಟ್ಟಾಗ ತುಕ್ಕು!"

ಅಂಗಡಿಯೇ ಬಿದ್ದು ಬಿದ್ದು ನಕ್ಕಿತು. ಅಷ್ಟು ಜನ ಒಟ್ಟಿಗೆ ನನ್ನ ಮಿಮಿಕ್ರಿಗೆ ನಕ್ಕಿದ್ದು ಅದೇ ಮೊದಲು. ಅವರು ನಗಲಿಲ್ಲ, ಬೈಯಲೂ ಇಲ್ಲ. ಹೆಸರು ಹಾಕಿದ ಪಾತ್ರೆಯನ್ನು ಯಾವ ಅಂಗಡಿಯಲ್ಲೂ ವಾಪಸ್ ತಗೊಳ್ಳುವುದಿಲ್ಲ. ಹಾಗೆಂದು ಗೋಡೆಯ ಮೇಲೆ ಬೋರ್ಡೇ ಇತ್ತು. ಆದರೂ ಅವರು ಐದೂ ಪಾತ್ರೆ ತೆಗೆದುಕೊಂಡು, ಅದೇ ಪೇಪರಿನಲ್ಲಿ ಮತ್ತೆ ಸುತ್ತಿ, ಕೌಂಟರ್ ಕೆಳಗಿಟ್ಟು, ಅಮ್ಮನ ಕೈಗೆ ದುಡ್ಡು ಕೊಟ್ಟುಬಿಟ್ಟರು. ಅಮ್ಮ ದಾರಿಯುದ್ದಕ್ಕೂ ನನ್ನ ಸ್ಕೂಟರಿನ ಹಿಂದೆ ಕೂತು ಒಂದು ಮಾತೂ ಆಡಲಿಲ್ಲ. ನಾನು ಅದನ್ನು ಅಂಗಡಿಯವರ ಮೇಲಿನ ಕೋಪ ಅಂದುಕೊಂಡೆ.

ವಿಡಿಯೊವನ್ನು ನಮ್ಮ ಬಡಾವಣೆಯ ವಾಟ್ಸಪ್ ಗುಂಪಿಗೆ ಹಾಕಿದೆ. ಸಂಜೆಯೊಳಗೆ ಹುಳಿಮಾವಿನಲ್ಲಿರುವ ನನ್ನ ಗೆಳೆಯನಿಗೇ ಅದು ಬೇರೆ ಯಾರಿಂದಲೋ ತಲುಪಿತ್ತು. "ಮಗಾ, ಸಖತ್! ಆ ಅಂಕಲ್ ಥೇಟ್ ಹಂಗೇ ಮಾತಾಡ್ತಾರೆ!" ಎಂದು ಫೋನ್ ಮಾಡಿದ. ನಾನು ಗಾಳಿಯಲ್ಲಿ ತೇಲುತ್ತಿದ್ದೆ.

ಬದಲಿ ಪಾತ್ರೆ ತರುವ ಜವಾಬ್ದಾರಿಯನ್ನು ನಾನೇ ಹೊತ್ತೆ. ಮನೆಯ ಹತ್ತಿರವೇ ಕಲ್ಯಾಣಮಂಟಪವೊಂದರಲ್ಲಿ ಪಾತ್ರೆಗಳ ಮೇಳ ನಡೆಯುತ್ತಿತ್ತು. ಜೇಬಿನಲ್ಲಿ ಮಸಾಲೆದೋಸೆ ಇಟ್ಟುಕೊಂಡು ಹೋಗಿ, ಯಾವುದಕ್ಕೆ ಅಂಟುವುದಿಲ್ಲವೋ ಅದನ್ನಷ್ಟೇ ಆರಿಸಿದೆ. ಐದು ಪಾತ್ರೆ, ಜತೆಗೆ ಒಂದು ಉಪ್ಪಿನ ಡಬ್ಬಿ. ಕನ್ನಡಿಯಂತೆ ಹೊಳೆಯುತ್ತಿದ್ದವು.

"ಅಕ್ಕನ ಮನೇದು ಕರೆಂಟ್ ಒಲೆ ಕಣೋ, ಗ್ಯಾಸ್ ಇನ್ನೂ ಬಂದಿಲ್ಲ. ಅದಕ್ಕಾಗುತ್ತಾ ಅಂತ ಕೇಳಿದ್ಯಾ?" ಎಂದಳು ಅಮ್ಮ.

"ಸ್ಟೀಲ್ ಅಂದ್ಮೇಲೆ ಎಲ್ಲಾ ಒಲೆಗೂ ಆಗುತ್ತೆ ಬಿಡಮ್ಮ," ಎಂದೆ. ಈ ವಾಕ್ಯವನ್ನು ನನ್ನ ಮನೆಯವರು ಈಗ ನನ್ನೆದುರು ನನ್ನದೇ ದನಿಯಲ್ಲಿ ಮಾಡಿ ತೋರಿಸುತ್ತಾರೆ.

ಒಂದು ಶುಕ್ರವಾರ ಬೆಳಿಗ್ಗೆ ಹಾಲು ಉಕ್ಕಿಸುವ ಶಾಸ್ತ್ರ. ಹತ್ತೂವರೆಗೆ ರಾಹುಕಾಲ, ಅದರೊಳಗೆ ಮುಗಿಯಬೇಕು. ಅಕ್ಕನ ಅತ್ತೆ ಒಲೆಗೆ ಅರಿಶಿನ ಕುಂಕುಮ ಇಟ್ಟರು. ಅಕ್ಕ ರೇಷ್ಮೆ ಸೀರೆಯಲ್ಲಿ, ಹೊಸ ಹೊಳೆಯುವ ಪಾತ್ರೆಗೆ ಹಾಲು ಹುಯ್ದು ಒಲೆಯ ಮೇಲಿಟ್ಟಳು. ಭಾವ ಬಟನ್ ಒತ್ತಿದರು.

ಪೀಂ. ಪೀಂ. ಪೀಂ. ಒಲೆ ಆಫ್ ಆಯಿತು.

ಮತ್ತೆ ಒತ್ತಿದರು. ಪೀಂ ಪೀಂ ಪೀಂ. ನಾನು ತಡೆಯಲಾರದೆ ಅದನ್ನೂ ಮಿಮಿಕ್ರಿ ಮಾಡಿದೆ. ಯಾರೂ ನಗಲಿಲ್ಲ. ಪಾತ್ರೆ ಬದಲಿಸಿದರು, ಹಾಲು ಈ ಪಾತ್ರೆಯಿಂದ ಆ ಪಾತ್ರೆಗೆ ಹೋಯಿತು. ಐದು ಪಾತ್ರೆಗೂ ಅದೇ ಪೀಂ. ಅತ್ತೆ ತಂದಿದ್ದ ಬೆಳ್ಳಿಯ ಗಿಂಡಿಗೂ ಪೀಂ. ಅಕ್ಕನ ಕಣ್ಣಲ್ಲಿ ನೀರು ತುಂಬಿತು.

"ಪಕ್ಕದ ಮನೇಲಿ ಗ್ಯಾಸ್ ಇದೆ, ಅಲ್ಲಿ ಉಕ್ಕಿಸ್ಕೊಂಡು ಬರೋಣ್ವಾ?" ಎಂದರು ಭಾವ.

"ಪಕ್ಕದ ಮನೇಲಿ ಉಕ್ಕಿಸಿದ್ರೆ ಪಕ್ಕದ ಮನೆಯವರಿಗೆ ಒಳ್ಳೇದಾಗುತ್ತೆ ಕಣೋ," ಎಂದರು ಅತ್ತೆ.

ಭಾವ ಆ ಇಂಡಕ್ಷನ್ ಒಲೆಯ ಡಬ್ಬದಿಂದ ಪುಸ್ತಕ ಹುಡುಕಿ ತೆಗೆದು, ಆಫೀಸಿನ ಗಡಸು ದನಿಯಲ್ಲಿ ಜೋರಾಗಿ ಓದಿದರು: "ತಳಕ್ಕೆ ಮ್ಯಾಗ್ನೆಟ್ ಅಂಟುವಂಥ ಪಾತ್ರೆಗಳನ್ನು ಮಾತ್ರ ಬಳಸಿ. ಮ್ಯಾಗ್ನೆಟ್ ಅಂಟದ ಪಾತ್ರೆ ಇಟ್ಟರೆ ಒಲೆ ಕೆಲಸ ಮಾಡುವುದಿಲ್ಲ."

ಎಲ್ಲರೂ ನಿಧಾನವಾಗಿ ನನ್ನ ಕಡೆ ತಿರುಗಿದರು. ನನ್ನ ಜೇಬಿನಲ್ಲಿ ಮಸಾಲೆದೋಸೆ ಇತ್ತು. ಅದು ಬೆಂಕಿಯಂತೆ ಸುಡುತ್ತಿದೆ ಅನ್ನಿಸಿತು. ‘ತಳಕ್ಕೆ ಅಂಟಬೇಕು ಕಣಪ್ಪ’ ಎಂದಿದ್ದರಲ್ಲ ಅವರು! ನಾನು ಆ ವಾಕ್ಯವನ್ನು ಅರ್ಧಕ್ಕೇ ಕತ್ತರಿಸಿ, ಉಳಿದರ್ಧಕ್ಕೆ ನನ್ನ ತಮಾಷೆ ಅಂಟಿಸಿದ್ದೆ. ಅಷ್ಟೂ ವರ್ಷದಲ್ಲಿ ಮೊದಲ ಸಲ ನನ್ನ ಗಂಟಲಿನಲ್ಲಿ ಯಾರ ದನಿಯೂ ಇರಲಿಲ್ಲ.

"ಒಂಬತ್ತೂ ಇಪ್ಪತ್ತು," ಎಂದಳು ಅಮ್ಮ, ಗಡಿಯಾರ ನೋಡಿ. "ಓಡು."

ಬನ್ನೇರುಘಟ್ಟ ರಸ್ತೆ ದಾಟಿ ಜಯನಗರಕ್ಕೆ ಹೇಗೆ ಸ್ಕೂಟರ್ ಓಡಿಸಿದೆನೋ ನನಗೇ ಗೊತ್ತಿಲ್ಲ. ಅಂಗಡಿ ಆಗತಾನೇ ತೆರೆದಿತ್ತು. ಒಳಗೆ ಇಬ್ಬರು ಹೆಂಗಸರು, ಒಬ್ಬ ಅಂಕಲ್. ಮೂವರ ಕೈಯಲ್ಲೂ ಮ್ಯಾಗ್ನೆಟ್! ಅಂಕಲ್ ಅದನ್ನು ದಾರಕ್ಕೆ ಕಟ್ಟಿ, ಬಾವಿಗೆ ಕೊಡ ಬಿಟ್ಟಂತೆ ಪಾತ್ರೆಗಳ ಮೇಲೆ ಇಳಿಬಿಡುತ್ತಿದ್ದರು. ಒಂದು ಪಾತ್ರೆಯನ್ನೆತ್ತಿ ಬೆರಳಿನಿಂದ ಟಿಣ್ ಅನ್ನಿಸಿ, ಕತ್ತು ಓರೆ ಮಾಡಿ ಹೇಳಿದರು: "ಕಣ್ಣು ಬಿಟ್ಟಾಗ ತುಕ್ಕು, ಅಲ್ವಾ ಸಾರ್?"

ನಾನು ಬಾಗಿಲಲ್ಲೇ ಕಲ್ಲಾದೆ. ನನ್ನ ಮಿಮಿಕ್ರಿಯನ್ನು ಇನ್ನೊಬ್ಬರು ಮಿಮಿಕ್ರಿ ಮಾಡುವುದನ್ನು ನಾನು ಕೇಳಿದ್ದು ಅದೇ ಮೊದಲು. ಅಂಗಡಿಯವರು ತಲೆ ಎತ್ತಲಿಲ್ಲ. ಹೆಂಗಸರಿಗೆ ಒಂದು ಬಾಣಲೆ ಕೊಟ್ಟರು, ಸುಮ್ಮನೆ ಕೊಟ್ಟರು. ಬೆರಳ ಮೇಲೆ ಎತ್ತಲಿಲ್ಲ. ಟಿಣ್ ಅನ್ನಿಸಲಿಲ್ಲ. ಕಣ್ಣು ಮುಚ್ಚಿ ತಗೊಂಡೋಗಿ ಅನ್ನಲಿಲ್ಲ. ಅವರ ಆ ಮಾತು ಈಗ ಅವರ ಬಾಯಲ್ಲಿ ಉಳಿದಿರಲಿಲ್ಲ. ಅದನ್ನು ನಾನು ಎತ್ತಿಕೊಂಡು ಹೋಗಿದ್ದೆ.

"ಅಂಕಲ್," ಎಂದೆ ಅಂಗಡಿಯವರಿಗೆ. "ಹಾಲು... ಒಲೆ ಪೀಂ ಪೀಂ ಅಂತಿದೆ... ಹತ್ತೂವರೆಗೆ ರಾಹುಕಾಲ..."

ನನ್ನ ದನಿ ಸೊಳ್ಳೆಯದಾಗಿತ್ತು. ಅವರು ನನ್ನನ್ನು ಒಂದು ಕ್ಷಣ ನೋಡಿದರು. ಕೌಂಟರ್ ಕೆಳಗೆ ಬಾಗಿ ಅದೇ ಪೇಪರಿನ ಗಂಟು ತೆಗೆದರು. ಐದೂ ಪಾತ್ರೆ ಹಾಗೇ ಇದ್ದವು.

"ಹೆಸರು ಹಾಕಿರೋದು, ಇನ್ಯಾರಿಗೆ ಮಾರ್ಲಿ?" ಎಂದು ಗಂಟನ್ನು ನನ್ನ ಕೈಗಿಟ್ಟರು. "ಮೊದ್ಲು ಹಾಲು ಉಕ್ಲಿ. ಹುಷಾರಾಗಿ ಓಡ್ಸು."

ಹತ್ತೂ ಹತ್ತಕ್ಕೆ, ಅಕ್ಕನ ಹೆಸರಿದ್ದ ಹಾಲಿನ ಪಾತ್ರೆ ಆ ಒಲೆಯ ಮೇಲೆ ಕೂತಿತು. ಪೀಂ ಅನ್ನಲಿಲ್ಲ. ಐದು ನಿಮಿಷದಲ್ಲಿ ಹಾಲು ಉಕ್ಕಿ ಒಲೆಯ ಗಾಜಿನ ಮೇಲೆಲ್ಲ ಹರಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಬಾಲ್ಕನಿಗೆ ಹೋಗಿ ಗುಂಪಿನಿಂದ ವಿಡಿಯೊ ಅಳಿಸಿದೆ. ಅಳಿಸಿ ಏನು ಬಂತು? ಅದು ಆಗಲೇ ನನಗೆ ಗೊತ್ತಿಲ್ಲದವರ ಫೋನುಗಳಲ್ಲೆಲ್ಲ ಇತ್ತು.

ಮಧ್ಯಾಹ್ನ ಊಟವಾದ ಮೇಲೆ ಅಮ್ಮ ಹಿಂದೆ ಪಡೆದ ದುಡ್ಡನ್ನೂ, ಒಂದು ಡಬ್ಬಿ ಪಾಯಸವನ್ನೂ ಹಿಡಿದು ನನ್ನನ್ನು ಅಂಗಡಿಗೆ ಎಳೆದುಕೊಂಡು ಹೋದಳು. ಅಂಗಡಿ ಖಾಲಿಯಿತ್ತು. ಅಂಗಡಿಯವರು ನನ್ನೆದುರು ಕೈ ಚಾಚಿದರು. ಮಸಾಲೆದೋಸೆ ಕೊಟ್ಟೆ. ಅವರು ನಮ್ಮದರಂಥದ್ದೇ ಒಂದು ಪಾತ್ರೆ ಇಳಿಸಿ, ಮ್ಯಾಗ್ನೆಟ್ಟನ್ನು ಅದರ ಹೊಟ್ಟೆಗೆ ಹಿಡಿದರು. ಜಾರಿತು. ಪಾತ್ರೆ ಬೋರಲು ಹಾಕಿ ತಳಕ್ಕೆ ಹಿಡಿದರು, ಕಚ್ಚಿಕೊಂಡಿತು.

"ಅಡುಗೆ ತಾಗೋ ಕಡೆ ಎಲ್ಲ ಒಳ್ಳೇ ಸ್ಟೀಲು. ಅದಕ್ಕೆ ಅಂಟಲ್ಲ. ಕೆಳಗಡೆ ಇನ್ನೊಂದು ಪದರ ಕೂರ್ಸಿದಾರೆ, ಮ್ಯಾಗ್ನೆಟ್ ಹಿಡಿಯೋ ಸ್ಟೀಲು. ಅದಿದ್ರೇನೇ ಕರೆಂಟ್ ಒಲೆಗೆ ಪಾತ್ರೆ ಇದೆ ಅಂತ ಗೊತ್ತಾಗೋದು. ನಿಮ್ಮಮ್ಮ ಕೇಳಿದ್ರು, ನಾನು ಹುಡುಕಿ ಕೊಟ್ಟೆ. ನೀನು ಆಗ ಟರ್ರ್ ಅಂತಿದ್ದೆ."

ಆಮೇಲೆ ಗಾಜಿನ ಪೆಟ್ಟಿಗೆಯಿಂದ ಒಂದು ಚಾಕು ತೆಗೆದು ಮ್ಯಾಗ್ನೆಟ್ ಮುಟ್ಟಿಸಿದರು. ಟಕ್.

"ಇದೂ ಡೂಪ್ಲಿಕೇಟಾ? ಅಂಟದೇ ಇರೋ ಸ್ಟೀಲಲ್ಲಿ ಚಾಕು ಮಾಡಿದ್ರೆ ಟೊಮೇಟೊನೂ ಕುಯ್ಯಲ್ಲ, ಬೇಗ ಮೊಂಡಾಗುತ್ತೆ. ಯಾವ ಕೆಲಸಕ್ಕೆ ಯಾವ ಸ್ಟೀಲು ಅನ್ನೋದು ಲೆಕ್ಕ. ಅಂಟದೇ ಇರೋದೆಲ್ಲ ಅಸಲಿ ಅಂದ್ರೆ ಈ ಪ್ಲಾಸ್ಟಿಕ್ ಸ್ಟೂಲಿಗೂ ಅಂಟಲ್ಲ, ಇದ್ರಲ್ಲಿ ಸಾರು ಮಾಡ್ತೀಯಾ?"

ಅಮ್ಮ ತನ್ನ ಬ್ಯಾಗಿನಿಂದ ಒಂದು ವಸ್ತು ತೆಗೆದು ಕೌಂಟರ್ ಮೇಲಿಟ್ಟಳು. ನಾನು ಮೇಳದಿಂದ ಆರಿಸಿ ತಂದ ಉಪ್ಪಿನ ಡಬ್ಬಿ. ವಾರದ ಹಿಂದೆ ಉಪ್ಪು ತುಂಬಿಟ್ಟಿದ್ದಳಂತೆ. ಅವರು ಮುಚ್ಚಳ ತೆಗೆದು ಬೆಳಕಿಗೆ ಹಿಡಿದರು. ಒಳಗೆ ಸಾಸಿವೆ ಚೆಲ್ಲಿದಂತೆ ಕಂದು ಚುಕ್ಕೆಗಳು. ನಾನು ಬೆರಳಿನಿಂದ ಉಜ್ಜಿದೆ. ಹೋಗಲಿಲ್ಲ. ಅವರು ಮ್ಯಾಗ್ನೆಟ್ ಹಿಡಿದರು. ಅಂಟಲಿಲ್ಲ!

"ತುಕ್ಕು ಹಿಡಿದಿದೆ, ಆದ್ರೂ ಅಂಟಲ್ವಾ?" ಎಂದೆ.

"ಒಳ್ಳೇ ಸ್ಟೀಲಿಗೆ ಹಾಕೋ ನಿಕಲ್ಲು ದುಬಾರಿ. ಅದನ್ನ ಕಮ್ಮಿ ಮಾಡಿ ಮ್ಯಾಂಗನೀಸ್ ಜಾಸ್ತಿ ಹಾಕಿರ್ತಾರೆ. ಮ್ಯಾಗ್ನೆಟ್ ಹಿಡಿದ್ರೆ ಎರಡೂ ಒಂದೇ ತರ. ಉಪ್ಪು, ಹುಣಸೆಹುಳಿ ಬಿದ್ಮೇಲೆ ಗೊತ್ತಾಗೋದು ಯಾವುದು ಏನು ಅಂತ." ಡಬ್ಬಿಯನ್ನು ಅಮ್ಮನಿಗೆ ಹಿಂದಿರುಗಿಸಿದರು. "ಬೇಳೆ ಹಾಕಿಟ್ಕೊಳಿ ಮೇಡಂ. ಬಿಸಾಕ್ಬೇಡಿ."

ನಾನೇ ಅಂಗಡಿಯಿಡೀ ಕೇಳುವಂತೆ ಕೂಗಿದ್ದ ತುಕ್ಕು ನಾನೇ ಆರಿಸಿ ತಂದ ಡಬ್ಬಿಯಲ್ಲಿತ್ತು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ನಾನಾದ್ರೂ ನಿಮ್ಮನ್ನ ಒಂದ್ಮಾತು ಕೇಳ್ಬೇಕಿತ್ತು ಸಾರ್," ಎಂದಳು.

"ನೀವು ಬಿಡಿ ಮೇಡಂ. ಬೆಳಿಗ್ಗೆಯಿಂದ ಒಂಬತ್ತು ಜನ ಮ್ಯಾಗ್ನೆಟ್ ತಂದಿದ್ರು. ಅರ್ಧ ಜನಕ್ಕೆ ಹೇಳಿ ಅರ್ಥ ಮಾಡಿಸ್ದೆ. ಇನ್ನರ್ಧ ಜನ ನಾನು ಬಾಯಿ ತೆಗೆದ ತಕ್ಷಣ ನಗ್ತಾರೆ. ಏನ್ ಹೇಳಿದ್ರೂ ಆ ವಿಡಿಯೊ ತರಾನೇ ಕೇಳುತ್ತಂತೆ."

ಇದನ್ನು ಅವರು ನನ್ನ ಕಡೆ ನೋಡದೆ ಹೇಳಿದರು. ಹೇಗಾದರೂ ಸರಿ ಮಾಡಲೇಬೇಕಿತ್ತು. ನನಗೆ ಗೊತ್ತಿದ್ದ ದಾರಿ ಒಂದೇ. ಪೆದ್ದನಿಗೆ ಹೊಸ ಐಡಿಯಾ ಹೊಳೆದರೆ ಮುಖದಲ್ಲಿ ಎಂಥ ಕಳೆ ಬರುತ್ತದೋ ಅಂಥದೇ ಕಳೆಯಲ್ಲಿ ಫೋನ್ ತೆಗೆದೆ.

"ಅಂಕಲ್, ಇನ್ನೊಂದು ವಿಡಿಯೊ ಹಾಕ್ತೀನಿ. ನಿಮ್ ದನೀಲೇ! ‘ಕಣ್ಣು ಮುಚ್ಚಿ ತಗೊಂಡೋಗಿ ಮೇಡಂ, ಪಾತ್ರೆ ಗಟ್ಟಿ, ಹುಡುಗ ಪೆದ್ದ’ ಅಂತ. ಜನ ಸಖತ್ ನಗ್ತಾರೆ, ಹಳೇದಕ್ಕಿಂತ ಜಾಸ್ತಿ ಓಡುತ್ತೆ."

ಅಮ್ಮ ಹಣೆ ಚಚ್ಚಿಕೊಂಡಳು. ಅವರು ನಿಧಾನವಾಗಿ ಕನ್ನಡಕ ತೆಗೆದು ಎದೆಯ ಮೇಲೆ ಬಿಟ್ಟರು. ಮಸಾಲೆದೋಸೆಯನ್ನು ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದರು.

"ತುಕ್ಕು ಅನ್ನೋಕೆ ನನ್ ದನಿ ಬೇಕಾಯ್ತು ನಿಂಗೆ. ತಪ್ಪಾಯ್ತು ಅನ್ನೋಕಾದ್ರೂ ನಿಂದೇ ದನಿ ತಗೊಳಪ್ಪ."